ನೀರಿಗಿಳಿಯದ ಭೀಮಕ್ಕ

ಎರಡನೆಯ ರೊಟ್ಟಿ ತಟ್ಟುತ್ತಿದ್ದಾಗ ಭವಾನಿ ಬಂದು ಶೋಭಾರಾಣಿಯ ಸೆರಗು ಜಗ್ಗಿದಳು.

"ಅವ್ವಾ, ಅಜ್ಜಿ ಏಳವಲ್ಲಳು. ಕೈ ತಣ್ಣಗ ಐತಿ."

ಶೋಭಾರಾಣಿ ಹಿಟ್ಟಿನ ಕೈಯಲ್ಲೇ ಒಳಗೆ ಓಡಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅತ್ತೆ ಭೀಮಕ್ಕ ನಿದ್ದೆಯಲ್ಲೇ ತೀರಿಹೋಗಿದ್ದಳು.

ಹತ್ತು ಗಂಟೆಗೆ ಅಂಗಳ ತುಂಬಿತು. ಚರ್ಚಿಗೆ ಹೋಗುವ ಹೆಂಗಸರು ಒಂದು ಕಡೆ, ಓಣಿಯವರು ಇನ್ನೊಂದು ಕಡೆ. ಭೀಮಕ್ಕನ ಮೈದುನ ಕೆಂಚಣ್ಣ ಕಟ್ಟೆಯ ಮೇಲಿಂದಲೇ ಹೇಳಿದ: "ಅಣ್ಣನ ಮಗ್ಗಲಾಗ ಕುಣಿ ತೋಡಿಸೀನಿ. ಆದ್ರ ಅಲ್ಲಿ ಪುಸ್ತಕ ಗಿಸ್ತಕ ತರಬ್ಯಾಡ್ರಿ. ಅದು ನಮ್ಮ ಹಿರೇರ ಜಾಗ."

"ಮಾವ," ಎಂದಳು ಶೋಭಾರಾಣಿ, "ಇಪ್ಪತ್ತು ವರ್ಷ ಬೈಬಲ್ ಓದಿದಾಕಿ. ಒಂದು ಅಧ್ಯಾಯ ಆದ್ರೂ ಓದಬೇಕ್ರಿ."

"ನಿಮ್ಮ ಪಾಸ್ಟರಯ್ಯನ್ನ ಕೇಳವ್ವ. ಆತ ಓದತೀನಿ ಅಂದ್ರ ನಾ ಬಾಯಿ ಮುಚ್ಚಿಕೊಂಡು ಕುಂದರ್ತೀನಿ."

ಪಾಸ್ಟರ್ ಚಂದ್ರಮೋಹನ್ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದ. "ಬಾಪ್ತಿಸ್ಮ ಆಗಿಲ್ಲಮ್ಮಾ, ನೀರಿಗಿಳಿದಾಕಿ ಅಲ್ಲ. ಚರ್ಚಿನ ಸಭೆ ಪಟ್ಟಿಯೊಳಗ ಹೆಸರಿಲ್ಲ. ನಾ ಓದಿದ್ರ ಸಭೆ ಹಿರಿಯರು ನನ್ನ ನಿಲ್ಲಿಸಿ ಕೇಳ್ತಾರ. ಏಂ ಚೇದ್ದಾಂ, ಏನ್ ಮಾಡೂದು, ರೂಲ್ ಐತಲ್ಲ."

"ಊರಿಗೆಲ್ಲ ಊಟಕ್ಕ ಕರದಾಕಿಗೇ ಎಲಿ ಹಾಕವಲ್ರಿ ನೀವು!" ಎಂದಳು ಸುಂಕಲಮ್ಮ. ಭೀಮಕ್ಕನಿಂದ ಬೈಬಲ್ ಕೇಳಿಯೇ ಚರ್ಚಿಗೆ ಸೇರಿದವಳು.

ಭವಾನಿ ಮೆಲ್ಲಗೆ, "ಅವ್ವಾ, ಒಂದು ಕೇಳ್ಲಿ?" ಎಂದಳು.

"ಈಗ ಬ್ಯಾಡ ಕಂದಾ. ಆಮ್ಯಾಲೆ."

*

ಭೀಮಕ್ಕ ಅಕ್ಷರ ಕಲಿತದ್ದು ಮಗನ ಒಂದನೆಯ ತರಗತಿಯ ತೆಲುಗು ಪುಸ್ತಕದಿಂದ. ಆಂಧ್ರದ ಗಡಿಯ ಆ ಊರಲ್ಲಿ ಮನೆಮಾತು ಕನ್ನಡ, ಶಾಲೆ ತೆಲುಗು. ಹತ್ತಿ ಬಿಡಿಸುವ ಹೊಲದಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಬೈಬಲಿನ ಒಂದು ಸಾಲು ತೆಲುಗಿನಲ್ಲಿ ಓದಿ ತಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು. ಕಳೆದುಹೋದ ಕುರಿಯ ಕತೆ ಬಂದರೆ ಕುರಿ ಸಾಕುವ ಹೆಂಗಸರು ಬಿಡುತ್ತಿರಲಿಲ್ಲ.

"ತೊಂಬತ್ತೊಂಬತ್ತು ಬಿಟ್ಟು ಒಂದು ಹುಡುಕಾಕ ಹೋದ್ರ, ತೋಳ ಸುಮ್ನಿರ್ತೈತೇನಕ್ಕ?"

"ಆತಗ ತೋಳ ಗೊತ್ತಿಲ್ಲ ಅಂತ ತಿಳಿದೀರೇನು?"

ಹಾಗೆ ಕೇಳಿದವರಲ್ಲಿ ಹನ್ನೊಂದು ಮಂದಿ ನಾಗಲದಿನ್ನೆಗೆ ಹೋಗಿ, ತುಂಗಭದ್ರೆಯಲ್ಲಿ ಮುಳುಗಿ ಬಾಪ್ತಿಸ್ಮ ತೆಗೆದುಕೊಂಡರು. ಪ್ರತಿ ಸಲವೂ ಭೀಮಕ್ಕ ದಂಡೆಯಲ್ಲಿ ನಿಂತು, ಒದ್ದೆಯಾಗಿ ಬಂದವರು ಉಟ್ಟದ್ದು ಬದಲಿಸಲು ಸೀರೆ ಮರೆ ಹಿಡಿಯುತ್ತಿದ್ದಳು.

"ನೀವ್ಯಾಕ ಇಳಿಯಂಗಿಲ್ರಿ ಅತ್ತಿ?" ಎಂದು ಶೋಭಾರಾಣಿ ಒಮ್ಮೆ ಕೇಳಿದ್ದಳು.

"ನಿಮ್ಮ ಮಾವ ನನ್ನ ಓದಾಕ ಬಿಟ್ರು. 'ನೀರಿಗಿಳಿದ್ರ ನಮ್ಮ ಮಂದಿ ನಿನ್ನ ನನ್ನ ಮಗ್ಗಲಾಗ ಮಣ್ಣು ಮಾಡಾಕ ಬಿಡಂಗಿಲ್ಲ, ಅದೊಂದು ಬ್ಯಾಡ' ಅಂದ್ರು. ಹೂಂ ಅಂದೀನಿ." ಆಮೇಲೆ ನಕ್ಕಳು. "ಮತ್ತ, ಸೀರಿ ಹಿಡಿಯಾಕೂ ಒಬ್ಬಾಕಿ ಬೇಕಲ್ಲ."

*

ಮೂರು ಗಂಟೆಗೆ ಭೀಮಕ್ಕನನ್ನು ಗಂಡನ ಪಕ್ಕದಲ್ಲಿ ಕುಣಿಗಿಳಿಸಿದರು. ಯಾರೂ ಏನೂ ಓದಲಿಲ್ಲ. ಶೋಭಾರಾಣಿ ಇನ್ನೊಮ್ಮೆ ಪಾಸ್ಟರ್ ಕಡೆ ನೋಡಿದಳು. ಆತ ನೆಲ ನೋಡಿದ. ಸುಂಕಲಮ್ಮ ಮೂಗು ಒರೆಸಿಕೊಂಡಳು. ಎಲ್ಲರೂ ಬಗ್ಗಿ ಹಿಡಿ ಹಿಡಿ ಮಣ್ಣು ತೆಗೆದುಕೊಂಡರು.

"ಅವ್ವಾ, ಈಗ ಕೇಳ್ಲಿ?"

ಶೋಭಾರಾಣಿ ಮಗಳ ತಲೆಯ ಮೇಲೆ ಕೈಯಿಟ್ಟಳು. "ಕೇಳು ಕಂದಾ."

ಭವಾನಿ ಪಾಸ್ಟರ್ ಕಡೆ ತಿರುಗಿದಳು.

"ಅಯ್ಯಾ, ಅಜ್ಜಿ ಇವರಿಗೆಲ್ಲಾ ಓದಿದ್ಳಲ್ಲ, ಅಜ್ಜಿಗೆ ಯಾಕ ಯಾರೂ ಓದವಲ್ರು?"

ಕುಣಿಯ ಮೇಲೆ ಚಾಚಿದ್ದ ಚಂದ್ರಮೋಹನ್ ಕೈ ಅಲ್ಲೇ ನಿಂತಿತು. ಕೆಂಚಣ್ಣನದೂ.