ಮೊದಲೇ ಅಂಟಿಸಿದ ಲೇಬಲ್

ರಕ್ತದ ಟ್ಯೂಬನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಯಾರದು, ಅವರು ಬೆಳಿಗ್ಗೆ ಯಾರ ಜೊತೆ ಜಗಳವಾಡಿದರು ಎಂಬುದನ್ನೂ ಹೇಳಬಲ್ಲೆ. ಈ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಸೂಜಿ ಚುಚ್ಚಿದ್ದೇನೆ; ನೋವಾಯಿತು ಎಂದವರು ಒಬ್ಬರೂ ಇಲ್ಲ. ಇನ್ನೊಮ್ಮೆ ಚುಚ್ಚಿ ಎಂದು ಗೋಗರೆದವರುಂಟು.

ನನ್ನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದವಳು ಕಿಟಕಿ ಪಕ್ಕದ ಬೆಡ್ಡಿನ ಅಜ್ಜಿ ಮಾತ್ರ. ನಾಳೆ ಅವಳ ಸೊಂಟದ ಆಪರೇಷನ್. ಆಗ ರಕ್ತ ಏರಿಸಬೇಕಾದೀತೆಂದು ಗ್ರೂಪ್ ನೋಡಲು ನಿನ್ನೆಯೇ ಅವಳ ರಕ್ತ ತೆಗೆದಿದ್ದೆ. ಇವತ್ತು ಮಧ್ಯಾಹ್ನ ಮತ್ತೆ ಟ್ರೇ ಹಿಡಿದು ಹೋದೆ.

"ಮತ್ತೆ ಯಾಕಪ್ಪ? ನಿನ್ನೆ ಒಂದು ಬಾವಿಯಷ್ಟು ತೆಗೆದೆಯಲ್ಲ!"

"ನಿಮ್ಮ ಟ್ಯೂಬ್ ಮೂಸಿ ನೋಡಿದೆ ಅಜ್ಜಿ. ಇದು ಪಕ್ಕದ ಬೆಡ್ಡಿನವರದು ಅಂತ ತಕ್ಷಣ ಗೊತ್ತಾಯ್ತು. ಇಡೀ ಲ್ಯಾಬೇ ನಡುಗಿಹೋಯ್ತು. ನಾನಿಲ್ಲದಿದ್ರೆ ನಾಳೆ ಹೊಂದದ ರಕ್ತ ಹೋಗಿ..."

"ಹೋಗಿ?"

"ಜೀವಕ್ಕೇ ಕುತ್ತು ಬರ್ತಿತ್ತು."

ಅಜ್ಜಿ ತೋಳನ್ನು ಹಿಂದಕ್ಕೆಳೆದುಕೊಂಡಳು. "ಬೆಳಿಗ್ಗೆ ಲ್ಯಾಬಿನ ಮೇಡಂ ಬಂದಿದ್ರು. ಹೋದ ತಿಂಗಳ ಕಾಗದದಲ್ಲಿ ಒಂದು ಗ್ರೂಪು, ನಿನ್ನೆಯದ್ರಲ್ಲಿ ಇನ್ನೊಂದು ಅಂದ್ರು. ತೆಗೆಯೋ ಮೊದಲು ನಿಮ್ಮ ಹೆಸರು ಕೇಳಿದ್ನಾ, ನಿಮ್ಮೆದುರೇ ಲೇಬಲ್ ಅಂಟಿಸಿದ್ನಾ ಅಂತ ಕೇಳಿದ್ರು. ನಿನ್ನ ಮೂಗಿನ ಸುದ್ದಿ ಎತ್ತಲೇ ಇಲ್ಲ."

"ನೀವೇನಂದ್ರಿ?"

"ಮೂರು ವಾರದಲ್ಲಿ ಒಂದಿನವೂ ಕೇಳಿಲ್ಲ ಅಂದೆ. ಸುಳ್ಳು ಹೇಳಬೇಕಿತ್ತಾ?"

ಪಕ್ಕದ ಬೆಡ್ಡಿನಾಕೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನಾನು ಟ್ರೇ ಕೆಳಗಿಟ್ಟೆ.

"ನಿಮ್ಮನ್ನ ನಂಗೆ ಗೊತ್ತಿಲ್ವಾ ಅಂತ ಹೆಸರು ಕೇಳ್ಲಿಲ್ಲ. ಖಾಲಿ ಟ್ಯೂಬುಗಳಿಗೆ ನನ್ನ ಮೇಜಲ್ಲೇ ಲೇಬಲ್ ಅಂಟಿಸ್ಕೊಂಡು ಬರ್ತೀನಿ. ಹತ್ತು ನಿಮಿಷ ಉಳಿಯುತ್ತೆ. ನಿನ್ನೆ ಮಾತಿನ ಭರದಲ್ಲಿ ಪಕ್ಕದವರ ಟ್ಯೂಬಿಗೆ ನಿಮ್ಮ ರಕ್ತ, ನಿಮ್ಮದಕ್ಕೆ ಅವರ ರಕ್ತ ಹೋಯ್ತು."

"ಉಳಿಸಿದ ಹತ್ತು ನಿಮಿಷ ಏನ್ಮಾಡ್ತೀಯ?"

"ಇಲ್ಲಿ ಕೂತ್ಕೋತೀನಿ."

"ಮನೇಲಿ ಇಪ್ಪತ್ತು ಜನ, ಊಟಕ್ಕೆ ಕೂತ್ರೆ ಸಂತೆ ಅಂತಿದ್ಯಲ್ಲೋ. ಅವರ ಹತ್ರ ಮಾತಾಡೋದಲ್ವಾ?"

ಮೂವತ್ತು ಎಂದು ತಿದ್ದಲು ನಾಲಿಗೆ ಎದ್ದಿತ್ತು. ನುಂಗಿಕೊಂಡೆ.

"ಯಾರೂ ಇಲ್ಲ ಅಜ್ಜಿ. ಇರೋದು ಒಂದೇ ತಟ್ಟೆ. ಮೂಗೂ ಸುಳ್ಳು, ಶೀತ ಆಗಿ ವಾರವಾಯ್ತು."

ಅವಳು ನಗಲಿಲ್ಲ. ತೋಳನ್ನು ನಿಧಾನವಾಗಿ ಮುಂದೆ ಚಾಚಿದಳು. "ಹೂಂ, ಕೇಳು."

ಪೂರ್ತಿ ಹೆಸರು ಕೇಳಿದೆ, ಹುಟ್ಟಿದ ತಾರೀಖು ಕೇಳಿದೆ, ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿಯೊಂದಿಗೆ ಹೋಲಿಸಿದೆ. ಸೂಜಿ ಚುಚ್ಚಿದೆ.

"ನೋಯ್ತು ಕಣೋ," ಎಂದಳು.

"ಎಲ್ಲರಿಗೂ ನೋಯುತ್ತೆ ಅಜ್ಜಿ," ಎಂದು, ಅವಳೆದುರೇ ಲೇಬಲ್ ಅಂಟಿಸಿದೆ.