ಅತ್ತೆ ತಿನ್ನದ ಕೇಕು

ಮೈದುನನ ಬೇಕರಿಗೆ ಬಂದಿದ್ದ ದೊಡ್ಡ ಆರ್ಡರ್ ಕಡೇ ಗಳಿಗೆಯಲ್ಲಿ ರದ್ದಾಯಿತು. ಮದುವೆಯೇ ಮುರಿದುಬಿದ್ದ ಮೇಲೆ ಮೂರಂತಸ್ತಿನ ಕೇಕು ಯಾರಿಗೆ ಬೇಕು? ಒಂದು ಚೀಲ ಬನ್ನಿನ ಸಮೇತ ಅದು ನಮ್ಮ ಮನೆಗೆ ಬಂತು. ಅತ್ತೆಗೋ ಸಕ್ಕರೆ ಕಾಯಿಲೆ. ಸಿಹಿ ಅಂದರೆ ಪ್ರಾಣ. ಅವರ ಕಣ್ಣಿಗೆ ಬೀಳದಿರಲಿ ಎಂದು ನನ್ನ ಗಂಡ, ಮಹಾ ಬುದ್ಧಿವಂತರು, ಎಲ್ಲವನ್ನೂ ಒಯ್ದು ಕೊಟ್ಟಿಗೆ ಪಕ್ಕದ ಮೇವಿನ ಕೋಣೆಯಲ್ಲಿ ಬಚ್ಚಿಟ್ಟರು.

ಮರುದಿನ ಬೆಳಿಗ್ಗೆ ಹಾಲು ಕರೆಯಲು ಹೋದರೆ ಸೊಟ್ಟಿ ಏಳಲಿಲ್ಲ. ಒಂದು ಕೊಂಬು ಸೊಟ್ಟಗಿದ್ದುದಕ್ಕೆ ಅತ್ತೆಯೇ ಇಟ್ಟ ಹೆಸರು ಅದು. ಮೆಲುಕು ನಿಂತಿತ್ತು, ಹಲ್ಲು ಮಾತ್ರ ಕಟಕಟ ಕಡಿಯುತ್ತಿತ್ತು. ನೀರು ನೀರಾದ ಸೆಗಣಿ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಕಿವಿ ಮುಟ್ಟಿದರೆ ತಣ್ಣಗಿತ್ತು. ಓಡಿಹೋಗಿ ಡಾಕ್ಟರಿಗೆ ಫೋನು ಮಾಡಿದೆ.

ದನದ ಡಾಕ್ಟರು ಬಂದು ಎಡ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಒಳಗೆ ಸದ್ದೇ ಇಲ್ವಲ್ಲಮ್ಮ. ಏನು ತಿಂದಿದೆ?"

"ಹುಲ್ಲು, ಹಿಂಡಿ. ದಿನಾ ತಿನ್ನೋದೇ," ಎಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದರು. "ಕೇಕು ತಿಂದಿದೆ ಡಾಕ್ಟ್ರೇ. ಬನ್ನೂ ಅಷ್ಟೂ ತಿಂದಿದೆ. ನಿನ್ನೆ ಇವರೆಲ್ಲ ಹೊರಗೆ ಹೋದಾಗ ನಾನೇ ಕೊಟ್ಟೆ. ನಾನಂತೂ ಒಂದು ಚೂರೂ ಬಾಯಿಗೆ ಹಾಕಿಲ್ಲ, ಬೇಕಾದ್ರೆ ರಕ್ತ ಪರೀಕ್ಷೆ ಮಾಡಿಸಿ! ಬೆರಳಿಗೆ ಹತ್ತಿದ ಕ್ರೀಮನ್ನೂ ಅದರ ನಾಲಿಗೆಗೇ ಒರೆಸಿದೆ. ನನಗೆ ಯೋಗ ಇಲ್ಲ, ಅದಾದ್ರೂ ತಿನ್ನಲಿ ಅಂತ."

ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ಸಿಹಿಯ ಎದುರು ಅತ್ತೆ ಗೆದ್ದದ್ದು ಅದೇ ಮೊದಲ ಸಲ. ಡಾಕ್ಟರು ತಲೆ ತಗ್ಗಿಸಿದರು.

"ದನದ ಹೊಟ್ಟೆ ಇರೋದು ಹುಲ್ಲಿಗಮ್ಮ. ಒಳಗಿರೋ ಸೂಕ್ಷ್ಮಜೀವಿಗಳು ಅದನ್ನ ನಿಧಾನಕ್ಕೆ ಕರಗಿಸ್ತವೆ. ಎಲ್ಲೋ ಒಂದು ತುಂಡು ಬೆಲ್ಲ ಆದ್ರೆ ತೊಂದರೆ ಇಲ್ಲ. ಒಂದೇ ಸಲ ಇಷ್ಟು ಸಕ್ಕರೆ, ಮೈದಾ ಬಿದ್ರೆ ಎಲ್ಲಾ ಹುಳಿಯಾಗಿಬಿಡುತ್ತೆ. ಆ ಹುಳಿಗೆ ಅವೂ ಸಾಯ್ತವೆ. ಆಮೇಲೆ ಹುಳಿ ರಕ್ತಕ್ಕೂ ಸೇರುತ್ತೆ."

ಬಾಯಿಗೆ ಕೊಳವೆ ಇಳಿಸಿ ಅಡುಗೆ ಸೋಡಾ ಕದಡಿದ ನೀರು ಹೊಯ್ದರು. ಕೊರಳಿಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. "ನಿನ್ನೆಯೇ ಗೊತ್ತಾಗಿದ್ರೆ ಹೊಟ್ಟೆ ಕೊಯ್ದು ತೆಗೀಬಹುದಿತ್ತು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಗಂಡ ಬಾಟಲಿ ಹಿಡಿದು ಕಂಬದ ಹಾಗೆ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ತೀರಿಸಿಕೊಳ್ಳಲಿ? ಬಚ್ಚಿಟ್ಟವರ ಮೇಲೋ, ತಾವು ಬಾಯಿ ಕಟ್ಟಿ ದನಕ್ಕೆ ತಿನ್ನಿಸಿದವರ ಮೇಲೋ?

ಅತ್ತೆ ಸೆಗಣಿಯಲ್ಲೇ ಕುಕ್ಕರಿಸಿದರು. "ಏಳೇ ಸೊಟ್ಟಿ, ಏಳೇ ನನ್ನವ್ವ." ದನಿ ಕೇಳಿದ್ದೇ ಸೊಟ್ಟಿ ಕಷ್ಟಪಟ್ಟು ನಾಲಿಗೆ ಚಾಚಿ ಅವರ ಅಂಗೈ ನೆಕ್ಕಿತು. ಇನ್ನೂ ಇದೆಯೇನೋ ಎಂದು ಬೆರಳ ಸಂದಿಯಲ್ಲೂ ಹುಡುಕಿತು. ನನ್ನಿಂದ ನೋಡಲಾಗಲಿಲ್ಲ.

ಅತ್ತೆ ಧಡಕ್ಕನೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಮಾತ್ರೆಯ ಡಬ್ಬಿ ಹಿಡಿದು ಏದುಸಿರು ಬಿಡುತ್ತಾ ಬಂದರು.

"ಸಕ್ಕರೆ ಹೆಚ್ಚಾದ್ರೆ ಇದೇ ಅಲ್ವಾ ಕೊಡೋದು? ನನ್ನ ಜೀವ ಇದರಲ್ಲೇ ಉಳಿದಿದೆ. ಅಷ್ಟೂ ಕೊಟ್ಟುಬಿಡಿ ಡಾಕ್ಟ್ರೇ, ನನಗೆ ಬೇಡ."

ಬಾಟಲಿ ಇನ್ನೂ ಅರ್ಧ ಉಳಿದಿದ್ದರೂ ಡಾಕ್ಟರು ಆಗಲೇ ಸೊಟ್ಟಿಯ ಕೊರಳಿನಿಂದ ಸೂಜಿ ತೆಗೆಯುತ್ತಿದ್ದರು. ಅತ್ತೆ ಅದನ್ನು ನೋಡಲಿಲ್ಲ. ಒಂದೊಂದೇ ಮಾತ್ರೆಯನ್ನು ಅಂಗೈಗೆ ಬಿಡಿಸಿಕೊಳ್ಳುತ್ತಿದ್ದರು.