ಹಿಂದಿನ ಗಾಡಿಗೆ ಕೇಳಿದ್ದು

ಕನ್ನಡಿಯಲ್ಲಿ ಗೆಳತಿ ನೋಲೀನಳ ಬಿಳಿ ಗಾಡಿ, ಅದರ ಬೆನ್ನಿಗೆ ಅವಳ ಮನೆಗಾಡಿ ಕ್ಯಾರವಾನ್, ಅದರ ಬೆನ್ನಿಗೆ ಕೆಂಪು ಧೂಳು, ನಡುವಿನ ಅಂತರ ಹೆಚ್ಚಿದೆಯೋ ಮುಂದಿನ ಗಾಡಿಯಲ್ಲಿ ಕೂತ ಗ್ಲೆನಿಸಳಿಗೇ ಹಾಗೆ ಕಾಣುತ್ತಿದೆಯೋ, ಬೆಳಿಗ್ಗೆ ಇಷ್ಟು ದೂರವಿರಲಿಲ್ಲ, ಬೆಳಿಗ್ಗೆ ಬಾಲ ಹಿಡಿದಂತೆ ಬರುತ್ತಿದ್ದಳು, ಅದನ್ನೇ ಅಲ್ಲವೇ ತಾನು ಅಂದದ್ದು, ಸಾಕ್ಸಿಗೆ ಅಂಟಿದ ಮುಳ್ಳು ಕಣೋ ಮರ್ವ್ ಈ ನೋಲೀನ್, ಕಿತ್ತಷ್ಟೂ ಅಂಟ್ಕೋತಾಳೆ, ಮರ್ವ್ ಸ್ಟೀರಿಂಗ್ ಹಿಡಿದು ಹೊಟ್ಟೆ ಕುಲುಕಿಸಿ ನಕ್ಕ, ಅವನು ನಕ್ಕದ್ದೇ ತಪ್ಪು, ಗಂಡ ನಕ್ಕರೆ ತನ್ನ ನಾಲಿಗೆಗೆ ಲಗಾಮಿಲ್ಲ, ಎಲ್ಲಿ ನಿಂತ್ರೂ ಒಂದೇ ಪಲ್ಲವಿ ನೋಡು, ಕ್ಲಾರಿಗೆ ಇದು ಎಷ್ಟು ಇಷ್ಟ ಆಗ್ತಿತ್ತೋ — ನೋಲೀನಳ ಮೂಗಿನ ರಾಗವನ್ನು ಹಾಗೇ ಎಳೆದು — ಕ್ಲಾರಿಗೆ ಈ ಮಾಂಸದ ಪೈ, ಕ್ಲಾರಿಗೆ ಈ ಕಕ್ಕಸು, ಸತ್ತು ಎರಡು ಚಳಿಗಾಲ ಆಯ್ತು, ಇನ್ನೂ ಗಂಡನ್ನ ಪಕ್ಕದ ಸೀಟಲ್ಲೇ ಕೂರಿಸ್ಕೊಂಡು ಬರ್ತಾಳೆ, ನಾಳೆ ಏನಾದ್ರೂ ನೆಪ ಹೇಳಿ ಕಳಚ್ಕೊಳ್ಳೋಣ. ಅಷ್ಟು ಹೇಳಿ ಚಹಾಕ್ಕೆಂದು ಥರ್ಮಾಸ್ ಎತ್ತಿದರೆ ಅದರಡಿ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದ ಮೈಕು, ಅದುಮಿಹೋದ ಗುಂಡಿ, ಕೆಂಪು ದೀಪ. ಗುಂಡಿ ಮೇಲೆದ್ದ ಕೂಡಲೇ ಯಾವನೋ ಲಾರಿಯವನ ದನಿ, ಅಮ್ಮಾ ತಾಯಿ, ಮೈಕ್ ಮೇಲೆ ಕೂತಿದ್ರಾ, ಹತ್ತು ನಿಮಿಷದಿಂದ ಈ ರಸ್ತೆಗೆಲ್ಲ ನಿಮ್ದೇ ಪುರಾಣ, ಪಾಪ ಆ ನೋಲೀನ್ ಯಾರು? ಆಮೇಲೆ ಬರೀ ಗೊರಗೊರ. ಎರಡೂ ಗಾಡಿಯ ರೇಡಿಯೋಗಳನ್ನು ಒಂದೇ ಚಾನೆಲ್ಲಿಗೆ ಕೂರಿಸಿದವಳು ಗ್ಲೆನಿಸಳೇ, ಹೊರಡುವ ದಿನ, ಒಬ್ಬಳೇ ಓಡಿಸ್ಬೇಕಲ್ಲೇ, ಬೇಜಾರಾದ್ರೆ ಮಾತಾಡು ಅಂತ.

ಗೋಡೆ ತುಂಬ ಚಿತ್ರ ಬರೆದ ಗೋಧಿ ಕಣಜಗಳ ಮುಂದೆ ಇಳಿದಾಗ ಮುಖ ಎಲ್ಲಿಡುವುದು, ಎಂಟಾಳೆತ್ತರದ ರೈತನೊಬ್ಬ ಗೋಡೆಯಿಂದ ತನ್ನನ್ನೇ ನೋಡುತ್ತಿದ್ದಾನೆ, ನೋಲೀನ್ ಸ್ಕಾರ್ಫು ಬಿಗಿಮಾಡಿಕೊಳ್ಳುತ್ತ ಬಂದಳು, ನನ್ನ ರೇಡಿಯೋ ಬೆಳಿಗ್ಗೆಯಿಂದ ಕೆಟ್ಟಿದೆ ಕಣೇ, ಒಂದೂ ಕೇಳಿಸ್ತಿಲ್ಲ — ಯಾರೂ ಕೇಳದೆಯೇ ಹೇಳಿದಳು. ಮರ್ವ್ ಪೆದ್ದ, ಕಿವಿಯಲ್ಲಿ, ಸದ್ಯ, ಬದುಕ್ದೆ ಗ್ಲೆನ್. ಆದರೆ ನೋಲೀನ್ ತಲೆಯೆತ್ತಿ ಆ ರೈತನ ಸುಕ್ಕುಗಳನ್ನೆಲ್ಲ ನೋಡಿದಳು, ತುಟಿ ತೆರೆದಳು, ಒಂದು ಹೆಸರಿನ ಮೊದಲ ಅಕ್ಷರದಷ್ಟು ತೆರೆದಳು, ಮುಚ್ಚಿದಳು. ಬೇಕರಿಯಲ್ಲೂ ಹಾಗೇ, ವೆನಿಲಾ ಸ್ಲೈಸಿನ ಸಕ್ಕರೆಪುಡಿ ಬೆರಳಿಗೆ ಅಂಟಿದೆ, ಮರ್ವ್ ಮೀಸೆಗೆಲ್ಲ ಮೆತ್ತಿಕೊಂಡು, ನೋಡ್ರೇ, ನನಗೆ ವಯಸ್ಸಾಯ್ತು ಅಂತ ಕೋಡಂಗಿಯಾಟ ಆಡುತ್ತಿದ್ದಾನೆ, ಅವಳು ನಕ್ಕಳು, ತುಟಿ ತೆರೆದಳು, ಮುಚ್ಚಿದಳು. ಕ್ಲಾರಿಯ ಅಂತ್ಯಕ್ರಿಯೆ ಮುಗಿಸಿ ಸ್ಯಾಂಡ್‌ವಿಚ್ ತಟ್ಟೆಗಳ ನಡುವೆ ನೋಲೀನಳ ಕೈ ಹಿಡಿದುಕೊಂಡು ಏನಂದಿದ್ದೆ, ಅವನ ವಿಷಯ ಎಷ್ಟು ಬೇಕಾದ್ರೂ ಮಾತಾಡು, ಬೇರೆಯವರು ಸುಸ್ತಾಗಬಹುದು, ನಾನು ಆಗಲ್ಲ. ಅವಳು ನಂಬಿದ್ದಳು, ಅಷ್ಟೇ ಅವಳ ತಪ್ಪು.

ಗುಲಾಬಿ ಬಣ್ಣದ ಉಪ್ಪುಕೆರೆಯ ದಡದಲ್ಲಿ ಮೂವರೂ ಸಾಲಾಗಿ ನಿಂತಿದ್ದಾರೆ, ಕಾಲಡಿ ಉಪ್ಪು ಕರಕರ, ಗಾಳಿ ಕಿವಿ ಕೊರೆಯುತ್ತಿದೆ, ಮತ್ತೆ ಆ ತುಟಿ, ಇನ್ನು ನೋಡಲಾರೆ, ಅವಳ ಬದಲು ತಾನೇ ಹೇಳಿಬಿಟ್ಟರೆ, ಪ್ರೀತಿಯಿಂದ — ಕ್ಲಾರಿಗೆ ಇದು ಎಷ್ಟು ಇಷ್ಟ ಆಗ್ತಿತ್ತೋ, ಅಂದಳು, ಅಂದದ್ದು ಅದೇ ಎಳೆದ ರಾಗದಲ್ಲಿ, ಅದೇ ಮೂಗಿನಲ್ಲಿ, ಆ ವಾಕ್ಯ ನಾಲಿಗೆಗೆ ಬೇರೆ ಯಾವ ಧಾಟಿಯಲ್ಲೂ ಬರುವುದಿಲ್ಲ. ನೋಲೀನ್ ತಿರುಗಿ ನೋಡಿದಳು. ಇಲ್ಲ ಗ್ಲೆನಿಸ್, ಮೀನು ಸಿಗದ ನೀರು ನೀರೇ ಅಲ್ಲ ಅಂತಿದ್ದ ಅವನು. ಸಿಟ್ಟಿರಲಿಲ್ಲ ದನಿಯಲ್ಲಿ, ಇದ್ದಿದ್ದರೆ ಹಿಡಿದುಕೊಳ್ಳಲು ಒಂದು ಕೊಂಬೆಯಾದರೂ ಸಿಗುತ್ತಿತ್ತು. ಈಗ ಕನ್ನಡಿಯಲ್ಲಿ, ಹಿಂದೆ ಬಿಟ್ಟ ಕವಲಿನಲ್ಲಿ, ಅವಳ ಗಾಡಿಯ ಎಡದ ದೀಪ ಮಿಣುಕುತ್ತಿದೆ, ಮರ್ವ್, ನಾವು ನೇರ ಅಲ್ವಾ ಹೋಗ್ಬೇಕಾದ್ದು, ಹೌದಲ್ಲ, ಪೆಟ್ರೋಲಿಗಿರ್ಬೇಕು ಬಿಡು ಅಂದ ಅವನು, ಆ ಕಡೆ ನೂರು ಕಿಲೋಮೀಟರ್ ಬರೀ ಪೊದೆ ಕಣೋ, ಹಾಗಾದ್ರೆ ಕೇಳು, ಮೈಕ್ ಇರೋದ್ಯಾಕೆ, ಗ್ಲೆನಿಸ್ ಗುಂಡಿ ಒತ್ತಿದ್ದಾಳೆ, ಹೇಳಬೇಕು, ನಿನ್ನ ರೇಡಿಯೋ ಕೆಟ್ಟಿಲ್ಲ ಅಂತ ನಂಗೊತ್ತು ನೋಲೀನ್, ಲಾರಿಯವರೆಲ್ಲ ಕೇಳಿದರೆ ಕೇಳಲಿ, ಹೇಳಬೇಕು, ಎಲ್ಲಿಂದ ಶುರುಮಾಡುವುದು, ಬಿಳಿ ಗಾಡಿ ಪಕ್ಕೆ ತೋರಿಸಿ ತಿರುಗುತ್ತಿದೆ, ಕಿಟಕಿಯಲ್ಲಿ ಮುಖದಷ್ಟು ದೊಡ್ಡ ಒಂದು ಚುಕ್ಕೆ, ಈ ದೂರದಿಂದ ಕಾಣಿಸಲಾರದು, ಆದರೂ ಕಾಣುತ್ತಿದೆ, ಆ ತುಟಿ, ತೆರೆದು, ಮುಚ್ಚಿ, ತೆರೆದು